ಪೂಜೆ ಆಯ್ತಾ?

ಮೂರು ದಿನದ ಪ್ರವಾಸದ ಪಟ್ಟಿ ಬರೆದವನು ನನ್ನ ಒಂಬತ್ತು ವರ್ಷದ ಮೊಮ್ಮಗ. ಶುಕ್ರವಾರ ದೊಡ್ಡ ಚರ್ಚು, ಶನಿವಾರ ಫುಟ್‌ಬಾಲ್, ಭಾನುವಾರ ಹಕ್ಕಿಗಳ ದ್ವೀಪ. ಅದನ್ನು ಲೀಡ್ಸಿನ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಶನಿವಾರದ ಸುತ್ತ ಕಪ್ಪು ಪೆನ್ಸಿಲಿನಲ್ಲಿ ಪಟ್ಟೆ ಪಟ್ಟೆ ಗೆರೆ ಎಳೆದಿದ್ದ. ಅವನು ಹುಟ್ಟಿದ್ದು ನ್ಯೂಕಾಸಲ್‌ನಲ್ಲಿ. ಆಮೇಲೆ ಅಳಿಯನಿಗೆ ಲೀಡ್ಸಿನಲ್ಲಿ ಕೆಲಸವಾಯಿತು. ಹುಡುಗ ಊರು ಬಿಟ್ಟನೇ ಹೊರತು ಆ ಊರಿನ ತಂಡವನ್ನು ಬಿಡಲಿಲ್ಲ. ಕಪ್ಪು-ಬಿಳಿ ಪಟ್ಟೆಯ ಅಂಗಿ ಹಾಕಿಕೊಂಡೇ ಮಲಗುತ್ತಾನೆ.

ನಮ್ಮ ಮನೆಯವರು ತೀರಿಕೊಂಡು ಆಗ ಹದಿನಾಲ್ಕು ತಿಂಗಳಾಗಿತ್ತು. ಅದಕ್ಕೆ ಮುಂಚಿನ ಮೂರು ವರ್ಷ ಲಕ್ವ ಹೊಡೆದು ಹಾಸಿಗೆಯಲ್ಲೇ ಇದ್ದರು. ಅವರ ವರ್ಷದ ಕಾರ್ಯ ಮುಗಿದ ಮೇಲೆ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಮದ್ದೂರಿನ ಮನೆಗೆ ಬೀಗ ಹಾಕಿ, ಹೊಳೆ ದಂಡೆಯ ಒಂದು ಆಶ್ರಮದಲ್ಲಿ ಒಂದು ಕೋಣೆ ಹಿಡಿದು, ಉಳಿದ ಆಯಸ್ಸನ್ನು ಲಿಂಗಪೂಜೆಯಲ್ಲಿ ಕಳೆಯುವುದು. ಮುಂಗಡವನ್ನೂ ಕೊಟ್ಟಿದ್ದೆ. ಯಾರಿಗೂ ನಾನು ಬೇಕಾಗಿಲ್ಲ, ನನಗೂ ಯಾರೂ ಬೇಡ, ಶಿವನೊಬ್ಬ ಸಾಕು ಅನ್ನಿಸಿತ್ತು. ಮಗಳು ಫೋನಿನಲ್ಲಿ ಅಳಲಿಲ್ಲ, ಜಗಳವಾಡಲಿಲ್ಲ. "ಅಮ್ಮ, ಮೂರು ತಿಂಗಳು ನಮ್ಮ ಜೊತೆ ಇದ್ದು ಹೋಗು. ಆಮೇಲೂ ಹಂಗೇ ಅನ್ನಿಸಿದರೆ ನಾನೇ ಬಂದು ಬಿಟ್ಟು ಬರ್ತೀನಿ" ಅಂದಳು. ಹಾಗೆ ಬಂದವಳು ನಾನು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟಿದ್ದೇನೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರದೆ ಬಾಯಿಗೆ ಒಂದು ಲೋಟ ಕಾಫಿಯನ್ನೂ ಹಾಕಿದವಳಲ್ಲ. ಇವೆರಡರ ನಡುವೆ ನನಗೆ ಯಾವತ್ತೂ ತಕರಾರು ಬಂದಿರಲಿಲ್ಲ. ತಕರಾರು ಬಂದದ್ದು ಬೇರೆ ಕಡೆಯಿಂದ. ಅದನ್ನು ಯಾರಿಗೂ ಹೇಳಿರಲಿಲ್ಲ.

ಶುಕ್ರವಾರದ ದೊಡ್ಡ ಚರ್ಚು ಎಂದರೆ ಡರಂ ಊರಿನ ಕೆಥೆಡ್ರಲ್. ಅದು ವೇರ್ ನದಿ ಬಳಸಿ ಹರಿಯುವ ಎತ್ತರದ ದಿಬ್ಬದ ಮೇಲಿದೆ. ಕಟ್ಟಲು ಶುರುವಾದದ್ದು 1093ರಲ್ಲಿ, ಬಸವಣ್ಣನವರು ಹುಟ್ಟುವುದಕ್ಕೂ ಮೊದಲು. ಬಡಗಣ ಬಾಗಿಲ ಮೇಲೆ ಕಂಚಿನ ಒಂದು ಮುಖವಿದೆ. ಸಿಂಹದಂಥ ಮೃಗ, ಸುತ್ತ ಬೆಂಕಿಯ ನಾಲಗೆಯಂಥ ಕೇಸರ, ಬಾಯಲ್ಲಿ ಕಚ್ಚಿಕೊಂಡ ಒಂದು ಬಳೆ. ಮೂಲದ್ದನ್ನು ಒಳಗೆ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ, ಬಾಗಿಲಲ್ಲಿರುವುದು ಅದರ ಪ್ರತಿ. ಹಿಂದೆ ತಪ್ಪು ಮಾಡಿ ಓಡಿಬಂದವನು, ಕೊಲೆ ಮಾಡಿದವನೇ ಆದರೂ, ಈ ಬಳೆ ಹಿಡಿದು ಬಡಿದರೆ ಒಳಗೆ ಕರೆದುಕೊಳ್ಳುತ್ತಿದ್ದರಂತೆ. 37 ದಿನ ಆಶ್ರಯ. ಅಷ್ಟರಲ್ಲಿ ಅವನು ಎದುರಾಳಿಗಳೊಂದಿಗೆ ರಾಜಿಗೆ ಬರಬೇಕು, ಇಲ್ಲವೇ ದೇಶ ಬಿಡಬೇಕು. ಬಾಗಿಲ ಮೇಲ್ಗಡೆ ಕಾವಲಿನವರಿಗೆ ಕೋಣೆಗಳಿದ್ದವು. ಯಾವ ಹೊತ್ತಿನಲ್ಲಿ ಬಡಿದರೂ ಇಳಿದು ಬಂದು ತೆಗೆಯಲೆಂದು ಅಲ್ಲೇ ಮಲಗುತ್ತಿದ್ದರು.

ಮೊಮ್ಮಗ ಬಳೆಗೆ ಜೋತುಬಿದ್ದ. ನಾನೂ ಮುಟ್ಟಿದೆ, ತಣ್ಣಗಿತ್ತು. ನಮ್ಮ ಮನೆಯವರು ಹಾಸಿಗೆಯಲ್ಲಿದ್ದ ಆ ಮೂರು ವರ್ಷದ ಒಂದು ಬೆಳಿಗ್ಗೆ ಅಲ್ಲೇ ಎದುರಿಗೆ ಬಂದು ನಿಂತಂತಾಯಿತು.

ಅವತ್ತು ನಾನು ಪೂಜೆಗೆ ಕೂತಿದ್ದೆ. ಒಳಕೋಣೆಯಿಂದ ಅವರು ಕರೆದರು. ಲಕ್ವ ಹೊಡೆದ ಮೇಲೆ ಅವರ ಮಾತು ಸ್ಪಷ್ಟವಿರಲಿಲ್ಲ, ಆದರೆ ನನ್ನನ್ನು ಕರೆಯುವ ದನಿ ನನಗೆ ಗೊತ್ತಾಗುತ್ತಿತ್ತು. ಎರಡು ಸಲ ಕರೆದರು. ನಾನು ಏಳಲಿಲ್ಲ. ಲಿಂಗ ಅಂಗೈಯಲ್ಲಿತ್ತು, ನಡುವೆ ಏಳಬಾರದು ಅಂದುಕೊಂಡೆ. ಹಾಗಂದುಕೊಂಡದ್ದು ನಿಜ. ಅದರ ಹಿಂದೆ ಇನ್ನೊಂದು ನಿಜವೂ ಇತ್ತು. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ನನ್ನದು ಅನ್ನುವುದು ಆ ಅರ್ಧ ಗಂಟೆ ಮಾತ್ರ, ಅದನ್ನೂ ಕೊಡಲು ಮನಸ್ಸು ಒಪ್ಪಲಿಲ್ಲ. ಹತ್ತು ನಿಮಿಷದ ಮೇಲೆ ಹೋದೆ. ಹಾಸಿಗೆ ಒದ್ದೆಯಾಗಿತ್ತು. ಅವರು ಗೋಡೆ ಕಡೆ ಮುಖ ತಿರುಗಿಸಿಕೊಂಡಿದ್ದರು. ನಾನು ಪಂಚೆ ಬದಲಾಯಿಸುವಾಗ ನನ್ನನ್ನು ನೋಡಿ, "ಪೂಜೆ ಆಯ್ತಾ?" ಅಂದರು. ಬೇಸರದಿಂದಲ್ಲ, ಆಕ್ಷೇಪಣೆಯಿಂದಲೂ ಅಲ್ಲ. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಮೂವತ್ತು ವರ್ಷ ಹೇಗೆ ಕೇಳುತ್ತಿದ್ದರೋ ಹಾಗೇ ಕೇಳಿದರು.

ಕರೆದಾಗ ಏಳಬೇಕಿತ್ತೇ? ನನ್ನ ಪ್ರಶ್ನೆ ಇಷ್ಟೇ. ಇದನ್ನು ಮನೆಗೆ ಬಂದ ಸ್ವಾಮಿಗಳೊಬ್ಬರನ್ನು ಕೇಳಿದ್ದರೆ ಸಮಾಧಾನ ಹೇಳುತ್ತಿದ್ದರು. ಸಮಾಧಾನ ನನಗೆ ಬೇಕಿರಲಿಲ್ಲ.

ಕೆಥೆಡ್ರಲ್ ಒಳಗೆ ಪಡುವಣ ಬಾಗಿಲ ಹತ್ತಿರ ನೆಲದಲ್ಲಿ ಕಪ್ಪು ಕಲ್ಲಿನ ಒಂದು ಗೆರೆಯಿದೆ. ಮಠ ಇದ್ದ ಕಾಲದಲ್ಲಿ ಹೆಂಗಸರು ಅದನ್ನು ದಾಟುವಂತಿರಲಿಲ್ಲ. ಇಲ್ಲಿ ಮಲಗಿರುವ ಸಂತ ಕಥ್‌ಬರ್ಟನಿಗೆ ಹೆಂಗಸರೆಂದರೆ ಆಗುತ್ತಿರಲಿಲ್ಲ ಎಂದು ಮಠದವರು ಹೇಳಿಕೊಂಡು ಬಂದಿದ್ದರು. ನಾನು ಗೆರೆ ದಾಟಿ ಒಳಗೆ ಹೋದೆ. ಮೂಡಣ ತುದಿಯ ಕಂಬಗಳ ಕಲ್ಲು ಹತ್ತಿರದ ಫ್ರಾಸ್ಟರ್ಲಿ ಎಂಬ ಊರಿನದು. ಕಪ್ಪು ಮೈಯಲ್ಲಿ ಬಿಳಿ ಬಿಳಿ ಚುಕ್ಕಿ, ಕೊಳವೆ. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ಬೆಚ್ಚಗಿನ ಸಮುದ್ರದಲ್ಲಿ ಬದುಕಿದ್ದ ಹವಳಗಳು ಅವು. ಮೊಮ್ಮಗನ ಬೆರಳು ಹಿಡಿದು ಒಂದರ ಮೇಲೆ ಓಡಿಸಿದೆ. ಸತ್ತಿರುವ ಸಮುದ್ರವನ್ನು ಮುಟ್ಟುತ್ತಿದ್ದೇನೆಂದು ನಂಬಲು ಅವನು ಸ್ವಲ್ಪ ಹೊತ್ತು ತೆಗೆದುಕೊಂಡ. ಸಂತನ ಗದ್ದುಗೆ ಇರುವುದು ದೊಡ್ಡ ಪೀಠದ ಹಿಂದೆ. ಮೆಟ್ಟಿಲು ಹತ್ತಿದರೆ ನೆಲಮಟ್ಟದಲ್ಲಿ ಒಂದು ಸಾದಾ ಚಪ್ಪಡಿ, ಅದರ ಮೇಲೆ ಹೆಸರು ಮಾತ್ರ. ನಾಲ್ಕು ಮೇಣದ ಬತ್ತಿ. ನಮ್ಮ ಕಡೆಯ ಗದ್ದುಗೆಗಳ ಮುಂದೆ ಹೇಗೆ ಕೂರುತ್ತೇವೋ ಹಾಗೆ ಅಲ್ಲಿ ಒಬ್ಬ ಹೆಂಗಸು ಕೂತಿದ್ದಳು.

ಹೊರಗೆ ಬರುವಾಗ ಅಳಿಯ ಹೇಳಿದ, "ಅತ್ತೆ, ಬಾಬಿ ರಾಬ್ಸನ್ ತೀರಿಕೊಂಡಾಗ ಶ್ರದ್ಧಾಂಜಲಿ ಪ್ರಾರ್ಥನೆ ಇಲ್ಲೇ ನಡೆದಿದ್ದು." 2009ರ ಸೆಪ್ಟೆಂಬರ್ 21ರಂದು. ಡರಂ ಕೌಂಟಿಯ ಗಣಿ ಕಾರ್ಮಿಕನ ಮಗ, ಫುಟ್‌ಬಾಲ್ ಆಡಿ, ಆಡಿಸಿ, ಇಂಗ್ಲೆಂಡಿನ ತಂಡಕ್ಕೂ ನ್ಯೂಕಾಸಲ್ ತಂಡಕ್ಕೂ ಗುರುವಾಗಿದ್ದವರು. ಸಂತನ ಗದ್ದುಗೆಯಿರುವ ಕಡೆಯಲ್ಲೇ ಫುಟ್‌ಬಾಲಿನವರಿಗೆ ಪ್ರಾರ್ಥನೆ ಸಲ್ಲಿಸಿದ್ದು ನನಗೆ ಸರಿಯೆನಿಸಿತು. ಜನ ತಮ್ಮವರೆಂದು ಒಪ್ಪಿಕೊಂಡವರನ್ನು ಒಂದೇ ಮನೆಗೆ ತರುತ್ತಾರೆ.

ಅಲ್ಲಿಯ ಅಂಗಡಿಯಲ್ಲಿ ಮಗಳು ನನಗೊಂದು ಪುಸ್ತಕ ಕೊಡಿಸಿದಳು, ಬೀಡ್ ಎಂಬ ಸಂನ್ಯಾಸಿ 8ನೇ ಶತಮಾನದಲ್ಲಿ ಬರೆದ ಕಥ್‌ಬರ್ಟನ ಚರಿತ್ರೆ. ಬೀಡ್‌ನ ಸಮಾಧಿಯೂ ಅದೇ ಕೆಥೆಡ್ರಲ್‌ನಲ್ಲಿದೆ. ಅವತ್ತು ರಾತ್ರಿ ನ್ಯೂಕಾಸಲ್‌ನ ಹೋಟೆಲಿನಲ್ಲಿ ನಿದ್ದೆ ಬಾರದೆ ಓದತೊಡಗಿದೆ. ಹೆಂಗಸರನ್ನು ಕಂಡರೆ ಆಗದವನು ಎಂಬುದು ಮೊದಲ ಓದಿಗೇ ಸುಳ್ಳಾಯಿತು. ಅವನು ಮಠದ ಹಿರಿಯ ಹೆಂಗಸರ ಮಾತಿಗೆ ಬೆಲೆ ಕೊಟ್ಟು ಅವರಿದ್ದಲ್ಲಿಗೆ ಹೋಗುತ್ತಿದ್ದ. ಸತ್ತಾಗ ತನ್ನ ದೇಹಕ್ಕೆ ಸುತ್ತಬೇಕೆಂದು ಎತ್ತಿಟ್ಟಿದ್ದ ನಾರುಬಟ್ಟೆ ವೆರ್ಕಾ ಎಂಬ ಮಠಾಧಿಕಾರಿಣಿ ಕೊಟ್ಟದ್ದು. ಗೆರೆ ಎಳೆದವರು ಅವನಲ್ಲ, ಅವನ ಹೆಸರು ಹೇಳಿಕೊಂಡು ಬದುಕಿದವರು. ಇದು ನಮಗೆ ಹೊಸದೇನಲ್ಲ. ಅಕ್ಕ ಅನುಭವ ಮಂಟಪದಲ್ಲಿ ಕೂತು ಮಾತಾಡಿದ್ದಳೆಂದು ಹೇಳುವ ಮನೆಗಳಲ್ಲೇ ನನ್ನ ಕಾಲದ ಹೆಣ್ಣುಮಕ್ಕಳನ್ನು ಎಷ್ಟು ಗೆರೆಗಳ ಈಚೆ ನಿಲ್ಲಿಸಿದ್ದರು!

ಮಠಕ್ಕೆ ಸೇರಿದ ಹೊಸದರಲ್ಲಿ ಕಥ್‌ಬರ್ಟನಿಗೆ ರಿಪನ್ ಎಂಬಲ್ಲಿ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ. ಒಂದು ಬೆಳಿಗ್ಗೆ ಹಿಮ ಬೀಳುತ್ತಿದ್ದಾಗ ಒಬ್ಬ ಹುಡುಗ ಬಂದ. ಕಾಲು ತೊಳೆದು, ತನ್ನ ಕೈಯಲ್ಲೇ ತಿಕ್ಕಿ ಬೆಚ್ಚಗೆ ಮಾಡಿ, ರೊಟ್ಟಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅತಿಥಿ ಇಲ್ಲ. ಹಿಮದ ಮೇಲೆ ಹೆಜ್ಜೆಯ ಗುರುತೂ ಇಲ್ಲ. ಒಳಕೋಣೆಯಲ್ಲಿ ಮೂರು ಬಿಸಿ ರೊಟ್ಟಿ ಮಾತ್ರ ಇದ್ದವು. ಬಂದವನು ದೇವದೂತ ಎನ್ನುತ್ತಾನೆ ಬೀಡ್. ಓದುತ್ತಾ ನಾನು ದಾಸೋಹದ ನಮ್ಮ ಎಷ್ಟೋ ಕಥೆಗಳನ್ನು ನೆನೆದೆ. ದೇಶ ಬೇರೆ, ದೇವರು ಬೇರೆ, ಬಾಗಿಲಿಗೆ ಬಂದವನ ಕಾಲು ತೊಳೆಯುವ ನೀರು ಒಂದೇ.

ಶನಿವಾರ, 2025ರ ಏಪ್ರಿಲ್ 26. ಬೆಳಿಗ್ಗೆ ಟೈನ್ ನದಿಯ ದಂಡೆಗೆ ಹೋದೆವು. 1928ರಲ್ಲಿ ತೆರೆದ ಹಸಿರು ಕಮಾನಿನ ಸೇತುವೆಯ ಸಂದುಗಳಲ್ಲಿ ಕಿಟಿವೇಕ್ ಎಂಬ ಕಡಲಹಕ್ಕಿಗಳು ಗೂಡು ಕಟ್ಟಿವೆ. ಕಡಲ ಕಡಿದಾದ ಬಂಡೆಯಲ್ಲಿ ಇರಬೇಕಾದ ಹಕ್ಕಿ ಇಷ್ಟು ಒಳನಾಡಿನಲ್ಲಿ, ಬಸ್ಸು ಕಾರುಗಳ ಕೆಳಗೆ, ತನ್ನ ಹೆಸರನ್ನೇ ಕೂಗುತ್ತಾ ಮರಿ ಮಾಡುತ್ತದೆ. ಕೆಳಗೆ ನಡೆಯುವವರ ತಲೆಯ ಮೇಲೆ ಬೀಳುವುದು ಬೀಳುತ್ತದೆ, ಜನ ಸರಿದು ನಡೆಯುತ್ತಾರೆ.

ಅಳಿಯ ಹೇಗೋ ಮೂರು ಟಿಕೆಟ್ ಹೊಂದಿಸಿದ್ದ. ಮಗಳು, "ನಾನು ನೋಡಿದೀನಿ, ಅಮ್ಮ ನೋಡಲಿ" ಅಂದಳು. ಸೇಂಟ್ ಜೇಮ್ಸ್ ಪಾರ್ಕ್ ಊರ ಹೊರಗಿಲ್ಲ, ಊರ ಎದೆಯ ಮೇಲೇ ಕೂತಿದೆ. ಎಲ್ಲ ಬೀದಿಗಳಿಂದಲೂ ಜನ ಅದರ ಕಡೆಗೇ ಏರುತ್ತಿದ್ದರು. ಅಜ್ಜಂದಿರು, ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು, ಕೋಲೂರಿ ನಡೆಯುವವರು. ಮೇಲುಕೋಟೆ ವೈರಮುಡಿಯ ರಾತ್ರಿ ಬೆಟ್ಟ ಹತ್ತುವ ಜನರನ್ನು ನೋಡಿದವರಿಗೆ ಈ ನಡಿಗೆಯನ್ನು ಬೇರೆ ವಿವರಿಸಬೇಕಿಲ್ಲ. ಒಳಗೆ 52 ಸಾವಿರ ಜನ. ಆಟಗಾರರು ಬರುವಾಗ ಒಂದು ವಾದ್ಯಸಂಗೀತ ಹಾಕುತ್ತಾರೆ, ಮಾತಿಲ್ಲ, ಗಿಟಾರಿನ ನಾದ. ಇಡೀ ಮೈದಾನ ಸ್ಕಾರ್ಫು ಎತ್ತಿ ಹಿಡಿಯಿತು.

ನನ್ನ ಪಕ್ಕದ ಸೀಟಿನವರಿಗೆ ಎಪ್ಪತ್ತರ ಮೇಲೆ ವಯಸ್ಸು. "ಮೊದಲ ಸಲವಾ, ಪೆಟ್?" ಅಂತ ಕೇಳಿದರು. ಪೆಟ್ ಅನ್ನುವುದು ಅಲ್ಲಿನವರ ಅಕ್ಕರೆಯ ಮಾತು, ನಮ್ಮಲ್ಲಿ ಗುರುತಿಲ್ಲದವರನ್ನೂ "ತಾಯಿ" ಅಂದಂತೆ. ಹಿಂದಿನ ತಿಂಗಳು, ಮಾರ್ಚ್ 16ರಂದು, ವೆಂಬ್ಲಿಯಲ್ಲಿ ಲಿವರ್‌ಪೂಲ್ ತಂಡವನ್ನು 2-1ರಿಂದ ಸೋಲಿಸಿ ನ್ಯೂಕಾಸಲ್ ಲೀಗ್ ಕಪ್ ಗೆದ್ದಿತ್ತು. ದೇಶದೊಳಗಿನ ದೊಡ್ಡ ಕಪ್ಪು ಒಂದನ್ನು ಅದಕ್ಕೆ ಮುಂಚೆ ಗೆದ್ದದ್ದು 1955ರಲ್ಲಿ. ಎಪ್ಪತ್ತು ವರ್ಷ. ಅವರು ತಮ್ಮ ತಂದೆಯ ಮಾತೆತ್ತಿದರು. ತಂದೆ ವಾರ ತಪ್ಪದೆ ಬಂದು, ಕಪ್ಪು ನೋಡದೆ ಹೋದರಂತೆ. "ಅವರಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ" ಅಂದರು. ಆ ಮಾತನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ. ಫಲ ಬಾರದೆ ಎಪ್ಪತ್ತು ವರ್ಷ ಬರುವವರಿಗೆ ಭಕ್ತಿ ಗೊತ್ತಿಲ್ಲ ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಕ್ಲಬ್ಬಿನ ಒಡೆತನ 2021ರಿಂದ ಸೌದಿ ಅರೇಬಿಯಾದ ಸರ್ಕಾರಿ ನಿಧಿಯ ಕೈಲಿದೆ. ದೇವಸ್ಥಾನ ಯಾರದೋ, ಹಾಡುವವರು ಇವರು. ಇದು ನನ್ನನ್ನು ಕಾಡುತ್ತದೆ, ಹಾಡಿನ ಮೇಲಿನ ಗೌರವ ಮಾತ್ರ ಕಡಿಮೆಯಾಗಿಲ್ಲ.

ಎದುರಾಳಿ ಇಪ್ಸ್‌ವಿಚ್. ಎರಡನೆಯ ಅರ್ಧದಲ್ಲಿ ಡ್ಯಾನ್ ಬರ್ನ್ ಎಂಬ ಉದ್ದನೆಯ ಆಳು ಎಲ್ಲರಿಗಿಂತ ಮೇಲೆದ್ದು ತಲೆಯಿಂದ ಚೆಂಡನ್ನು ಬಲೆಯೊಳಗೆ ಇಳಿಸಿದ. ಅಲ್ಲೇ ಹತ್ತಿರದ ಬ್ಲೈತ್ ಊರಿನ ಹುಡುಗ. ಚಿಕ್ಕವನಿದ್ದಾಗ ಇದೇ ಕ್ಲಬ್ಬು ಅವನನ್ನು ಬೇಡವೆಂದು ಕಳಿಸಿತ್ತಂತೆ. ಎಲ್ಲೆಲ್ಲೋ ಆಡಿ, 2022ರಲ್ಲಿ ಮರಳಿ ಬಂದ. ವೆಂಬ್ಲಿಯಲ್ಲೂ ತಲೆಯಿಂದಲೇ ಒಂದು ಗೋಲು ಹೊಡೆದಿದ್ದ. ಆ ಗಳಿಗೆಯಲ್ಲಿ ಏನಾಯಿತೋ, ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೆಂದು ತಿಳಿಯದು. ಪಕ್ಕದವರು ನನ್ನ ಎರಡೂ ಕೈ ಹಿಡಿದು ಕುಲುಕುತ್ತಿದ್ದರು, ಅವರ ಕಣ್ಣಲ್ಲಿ ನೀರು. ಮೊಮ್ಮಗ ನನ್ನ ಸೊಂಟ ತಬ್ಬಿಕೊಂಡಿದ್ದ. ಕಿವಿ ತುಂಬ ಒಂದೇ ದನಿ. ಹತ್ತೋ ಹನ್ನೆರಡೋ ಸೆಕೆಂಡು, ಗಂಡ ಸತ್ತ ಹೆಂಗಸು ಅಲ್ಲಿರಲಿಲ್ಲ. ಯಾರೂ ಇರಲಿಲ್ಲ.

ಕೂತ ಮೇಲೆ ನನಗೆ ಹೆದರಿಕೆಯಾಯಿತು. ಹದಿನಾಲ್ಕು ತಿಂಗಳು ಅಂಗೈ ನೋಡುತ್ತಾ ಕೂತರೂ ಸಿಗದೆ ಹೋದದ್ದು, ಗೊತ್ತಿಲ್ಲದ ಊರಿನಲ್ಲಿ, ನಿಯಮವೇ ತಿಳಿಯದ ಆಟದಲ್ಲಿ ಹೇಗೆ ಸಿಕ್ಕಿತು? ಪೂಜೆಯಲ್ಲಿ ನಾನು ಏಕಾಂತ ಹುಡುಕುತ್ತಿದ್ದೆ. ಅಲ್ಲಿ ನನ್ನ ಜೊತೆ ಕೂರುತ್ತಿದ್ದದ್ದು ನಾನೇ, ಆ ಒಂದು ಬೆಳಗಿನ ಹತ್ತು ನಿಮಿಷ ಹೊತ್ತುಕೊಂಡು. ಇಲ್ಲಿ ಗುಂಪು ನನ್ನನ್ನು ನನ್ನ ಕೈಯಿಂದ ಕಸಿದುಕೊಂಡಿತು.

ಆದರೆ ಎದುರಿನ ಸ್ಟ್ಯಾಂಡಿನ ತುತ್ತತುದಿಯಲ್ಲಿ ಇಪ್ಸ್‌ವಿಚ್‌ನಿಂದ ಬಂದವರು ಕೂತಿದ್ದರು. ಆಟ 3-0 ಆಯಿತು, ಅವರ ತಂಡ ಅಂದೇ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಅಳಿಯ ಹೇಳಿದ ಮೇಲೆ ಆ ಕಡೆಯೇ ನೋಡುತ್ತಾ ಉಳಿದೆ. ಅವರ ತಂಡವನ್ನೂ ಬಾಬಿ ರಾಬ್ಸನ್ 13 ವರ್ಷ ನಡೆಸಿ, 1978ರಲ್ಲಿ ಎಫ್‌ಎ ಕಪ್, 1981ರಲ್ಲಿ ಯುಇಎಫ್‌ಎ ಕಪ್ ಗೆಲ್ಲಿಸಿದ್ದರು. ಎರಡೂ ಊರಿನ ಮೈದಾನದ ಹೊರಗೆ ಅವರ ಪ್ರತಿಮೆಯಿದೆ. ಒಬ್ಬನೇ ಗುರುವಿನ ಎರಡು ಮನೆ. ನಮ್ಮ ಆ ಹತ್ತು ಸೆಕೆಂಡಿಗೆ ಮೇಲಿನ ಮೂಲೆಯಲ್ಲಿ ಯಾರದೋ ಮುಖ ಬಾಡಬೇಕಿತ್ತು. ಗುಂಪಿನ ಮರೆವು ಸುಳ್ಳಲ್ಲ, ಆದರೆ ಅದಕ್ಕೆ ಆ ಮೂಲೆ ಕಾಣುವುದಿಲ್ಲ. ಹೀಗೆ ಯೋಚಿಸುತ್ತಿದ್ದಾಗಲೇ ಪಕ್ಕದವರು ಎದ್ದು, ಕೈ ತಲೆಯ ಮೇಲೆತ್ತಿ, ಆ ಮೂಲೆಯ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನನ್ನ ತೀರ್ಪು ಅವಸರದ್ದಾಗಿತ್ತು.

ಅವತ್ತು ರಾತ್ರಿ ಪುಸ್ತಕ ಮುಗಿಸಿದೆ. 676ರಲ್ಲಿ ಕಥ್‌ಬರ್ಟ್ ಇನ್ನರ್ ಫಾರ್ನ್ ದ್ವೀಪಕ್ಕೆ ಒಂಟಿಯಾಗಿ ಹೋದ. ಕಲ್ಲು, ಮಣ್ಣುಗಳಿಂದ ದುಂಡಗೆ ಆಳೆತ್ತರ ಮೀರಿದ ಗೋಡೆ ಕಟ್ಟಿದ. ಸಾಲದೆಂದು ಒಳಗಿನ ನೆಲವನ್ನು ಅಗೆದು ತಗ್ಗು ಮಾಡಿದ, ಆಕಾಶ ಬಿಟ್ಟು ಬೇರೇನೂ ಕಾಣಬಾರದೆಂದು. ನನ್ನ ಆಶ್ರಮದ ಕೋಣೆಯೂ ನನ್ನ ಮನಸ್ಸಿನಲ್ಲಿ ಹೀಗೇ ಇತ್ತು. ಆದರೆ ಅದೇ ಮನುಷ್ಯ ದೋಣಿ ನಿಲ್ಲುವ ಕಡೆ ಬಂದವರಿಗಾಗಿ ಒಂದು ಮನೆ ಕಟ್ಟಿದ, ಹತ್ತಿರ ನೀರಿನ ಒರತೆಯಿತ್ತು. ತಾನು ಬಿಟ್ಟುಬಂದ ಲಿಂಡಿಸ್ಫಾರ್ನ್ ಮಠದವರು ಬಂದರೆ ಹೊರಗೆ ಬಂದು ಬಿಸಿನೀರಿನಲ್ಲಿ ಕಾಲು ತೊಳೆಯುತ್ತಿದ್ದ. ಕಾಗೆಯ ಜಾತಿಯ ರೇವನ್ ಹಕ್ಕಿಗಳು ಆ ಅತಿಥಿಮನೆಯ ಹುಲ್ಲು ಕಿತ್ತಾಗ ಗದರಿದ. ಅವು ತಪ್ಪೊಪ್ಪಿಕೊಂಡು ಹಂದಿಯ ಕೊಬ್ಬು ತಂದುಕೊಟ್ಟವಂತೆ, ಬಂದವರು ಪಾದರಕ್ಷೆಗೆ ಸವರಿಕೊಳ್ಳಲೆಂದು ಅದನ್ನು ಇಟ್ಟ.

ಇಲ್ಲಿಗೆ ನಿಲ್ಲಿಸಿದರೆ ನನಗೆ ಬೇಕಾದ ಉತ್ತರ ಸುಲಭವಾಗಿ ಸಿಗುತ್ತದೆ. ಬೀಡ್ ನಿಲ್ಲಿಸುವುದಿಲ್ಲ. ಬರಬರುತ್ತಾ ಕಥ್‌ಬರ್ಟ್ ಹೊರಗೆ ಬರುವುದನ್ನು ಬಿಟ್ಟ, ಕಿಟಕಿಯಲ್ಲಷ್ಟೇ ಮಾತು. ಆಮೇಲೆ ಕಿಟಕಿಯನ್ನೂ ಮುಚ್ಚಿದ, ಆಶೀರ್ವಾದಕ್ಕೋ ತೀರಾ ಅಗತ್ಯಕ್ಕೋ ಮಾತ್ರ ತೆಗೆಯುತ್ತಿದ್ದ. ಆ ಮುಚ್ಚಿದ ಕಿಟಕಿಯ ಮುಂದೆ ನಾನು ಬಹಳ ಹೊತ್ತು ಕೂತೆ. ಅವನನ್ನು ದೂರಲು ಆಗುವುದಿಲ್ಲ. ಅಕ್ಕ ಎಲ್ಲರನ್ನೂ ಬಿಟ್ಟು ಶ್ರೀಶೈಲಕ್ಕೆ ನಡೆದುಹೋದಳು, ಗೊಮ್ಮಟನ ಕಾಲಿಗೆ ಬಳ್ಳಿ ಹಬ್ಬಿತು. ಎಲ್ಲ ತಪಸ್ಸಿಗೂ ಇನ್ನೊಬ್ಬರಿಗೆ ಉಪಯೋಗವಾಗಬೇಕೆಂಬ ಷರತ್ತು ಹಾಕಿದರೆ ಅದು ವ್ಯಾಪಾರದ ಲೆಕ್ಕ. ಅದು ನನಗೆ ಒಪ್ಪಿಗೆಯಿಲ್ಲ. ಕಿಟಕಿಯ ವಿಷಯ ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ತಿಳಿದದ್ದು ಇನ್ನೊಂದು. ಅವನು ಕಿಟಕಿ ಮುಚ್ಚಿದರೂ ಬಡಿದರೆ ಕೇಳಿಸದಷ್ಟು ದೂರ ಹೋಗಲಿಲ್ಲ. ರಾಜ ಎಕ್‌ಫ್ರಿತ್ ತಾನೇ ದೋಣಿ ಹತ್ತಿ ಬಂದು, ಬಿಷಪ್ ಆಗಬೇಕೆಂದು ಮಂಡಿಯೂರಿದಾಗ ಅಳುತ್ತಲೇ ಹೊರಗೆ ಬಂದ. 685ರಿಂದ ಎರಡು ವರ್ಷ ಊರೂರು ತಿರುಗಿ, ಸಾಯಲಿಕ್ಕೆ ಮತ್ತೆ ದ್ವೀಪಕ್ಕೆ ಮರಳಿದ. ಕೊನೆಯಲ್ಲಿ ಐದು ದಿನ ಬಿರುಗಾಳಿ, ಯಾರೂ ಹತ್ತಿರ ಹೋಗುವಂತಿಲ್ಲ. ಅವನ ಬಳಿ ಐದು ಈರುಳ್ಳಿ ಇದ್ದವು, ಒಂದನ್ನು ಅರ್ಧಕ್ಕೂ ಕಡಿಮೆ ಕಚ್ಚಿದ್ದ. 687ರ ಮಾರ್ಚ್ 20ರಂದು ತೀರಿಕೊಂಡ. ಸಾಯುವ ಮುನ್ನ, ತನ್ನನ್ನು ಈ ದ್ವೀಪದಲ್ಲೇ ಹೂಳಿ ಎಂದು ಕೇಳಿಕೊಂಡ. ಅದಕ್ಕೆ ಕೊಟ್ಟ ಕಾರಣ ಓದಿ ನಾನು ಪುಸ್ತಕ ಮಡಿಲಿಗೆ ಇಳಿಸಿದೆ. ತನ್ನ ದೇಹವಿರುವ ಕಡೆಗೆ ತಪ್ಪು ಮಾಡಿ ಓಡಿಬಂದವರೆಲ್ಲ ಬರುತ್ತಾರೆ, ಅವರಿಗಾಗಿ ದೊರೆಗಳ ಮುಂದೆ ನಿಂತು ಬೇಡುವುದರಲ್ಲೇ ನೀವು ದಣಿಯುತ್ತೀರಿ ಎಂದನಂತೆ. ಮಠದವರು, ಆ ದಣಿವು ನಮಗಿರಲಿ, ನಮ್ಮ ಜೊತೆಗೇ ಬನ್ನಿ ಎಂದರು. ಅವನು ಒಪ್ಪಿದ. ಡರಂ ಬಾಗಿಲಿನ ಆ ಕಂಚಿನ ಬಳೆ ಅಲ್ಲಿಂದ ಬಂದದ್ದು.

ನಮ್ಮ ಮನೆಯಲ್ಲೂ ಶಿವ ಎರಡು ಕಡೆ ಇದ್ದ. ಅಂಗೈಯಲ್ಲಿ ಲಿಂಗ, ಬಾಗಿಲಲ್ಲಿ ಜಂಗಮ. ಪೂಜೆಯ ಹೊತ್ತಿನಲ್ಲಿ ಜಂಗಮರು ಬಂದರೆ ಅಪ್ಪ ಯೋಚನೆಯೇ ಮಾಡದೆ ಎದ್ದು ಹೋಗುತ್ತಿದ್ದರು. ಅದನ್ನು ನೋಡಿಕೊಂಡೇ ಬೆಳೆದೆ. ಆದರೆ ಹಾಸಿಗೆ ಹಿಡಿದ ಗಂಡ ಜಂಗಮನೆಂದು ನನಗೆ ಹೊಳೆಯಲೇ ಇಲ್ಲ. ಜಂಗಮ ಎಂದರೆ ಚಲಿಸುವವನು. ಇವರು ಮಗ್ಗುಲು ಬದಲಾಯಿಸಲೂ ಆಗದೆ ಮಲಗಿದ್ದರು.

ಭಾನುವಾರ ಐದು ಗಂಟೆಗೆ ಸ್ನಾನ ಮುಗಿಸಿದೆ. ಪೂಜೆಗೆ ಹೊತ್ತು ಸಿಗಲಿಲ್ಲ, ಸೀಹೌಸಸ್ ಬಂದರಿಗೆ ಹೊರಡಬೇಕಿತ್ತು. ಮಗಳು ಕಟ್ಟಿಕೊಟ್ಟ ಚಪಾತಿ ಚೀಲದಲ್ಲೇ ಉಳಿಯಿತು. ದೋಣಿ ಮೊದಲು ದ್ವೀಪಗಳ ಸುತ್ತ ಹೋಯಿತು. ಕಪ್ಪು ಬಂಡೆಗಳ ಮೇಲೆ ಬೂದು ಸೀಲ್‌ಗಳು ಮಲಗಿ, ತಲೆಯೆತ್ತಿ ನಮ್ಮನ್ನು ನೋಡಿದವು. ಲಾಂಗ್‌ಸ್ಟೋನ್ ದೀಪಸ್ತಂಭದ ಕೆಂಪು-ಬಿಳಿ ಪಟ್ಟೆ ಕಂಡಿತು. 1838ರ ಸೆಪ್ಟೆಂಬರ್ 7ರ ಬೆಳಗಿನ ಜಾವ ದೀಪ ಕಾಯುವವನ ಮಗಳು, 22 ವರ್ಷದ ಗ್ರೇಸ್ ಡಾರ್ಲಿಂಗ್, ಅಲ್ಲಿನ ಕಿಟಕಿಯಿಂದ ಒಡೆದ ಹಡಗನ್ನು ಕಂಡು ಅಪ್ಪನ ಜೊತೆ ಬಿರುಗಾಳಿಯಲ್ಲಿ ದೋಣಿ ಹಾಕಿದ್ದಳು. ಬಂಡೆಯ ಮೇಲೆ ಉಳಿದಿದ್ದ ಒಂಬತ್ತು ಜನ ಬದುಕಿದರು. ಅದೂ ಒಂದು ಕಿಟಕಿ.

ಕಿಟಿವೇಕ್‌ಗಳು ಇಲ್ಲೂ ಇದ್ದವು, ಕಡಿದಾದ ಬಂಡೆಯಲ್ಲಿ. ಸೇತುವೆಯ ಕೆಳಗೆ ಹೇಗೆ ಕೂಗುತ್ತಿದ್ದವೋ ಹಾಗೇ ಕೂಗುತ್ತಿದ್ದವು.

ಇನ್ನರ್ ಫಾರ್ನ್‌ನಲ್ಲಿ ಇಳಿದೆವು. ಫಾರ್ನ್ ದ್ವೀಪಗಳನ್ನು ನ್ಯಾಷನಲ್ ಟ್ರಸ್ಟ್ 1925ರಿಂದ ನೋಡಿಕೊಳ್ಳುತ್ತಿದೆ. 2022ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳು ಸತ್ತು, ಜನರನ್ನು ಬಿಡುವುದನ್ನೇ ನಿಲ್ಲಿಸಿದ್ದರು. ಮತ್ತೆ ಬಿಟ್ಟದ್ದು 2024ರಲ್ಲಿ. ನಡೆಯಲು ಹಲಗೆಯ ದಾರಿ, ಅದರಾಚೆಗೆ ಕಾಲಿಡುವಂತಿಲ್ಲ. ನೆಲದ ತುಂಬ ಬಿಲ. ಪಫಿನ್‌ಗಳು ಬಿಲದ ಬಾಯಲ್ಲಿ ನಿಂತಿದ್ದವು, ಕಪ್ಪು ಬೆನ್ನು, ಬಿಳಿ ಎದೆ, ಅರಿಶಿನ ಕುಂಕುಮ ಹಚ್ಚಿದಂಥ ಕೊಕ್ಕು. ಚಳಿಗಾಲವನ್ನೆಲ್ಲ ನಡುಗಡಲಲ್ಲಿ ಕಳೆದು, ವರ್ಷಕ್ಕೆ ಒಂದೇ ಒಂದು ಮೊಟ್ಟೆಗಾಗಿ ನೆಲಕ್ಕೆ ಬರುತ್ತವೆ.

ನನ್ನ ತವರು ಕೊಕ್ಕರೆ ಬೆಳ್ಳೂರಿನ ಪಕ್ಕದ ಹಳ್ಳಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದ ತುಂಬ ಗೂಡಿದ್ದರೆ ಹುಣಸೆ ಬಡಿಯದೆ ಬಿಡುತ್ತಿದ್ದರು, ಆ ವರ್ಷದ ದುಡ್ಡು ಹೋದರೂ ಸರಿ. ಹಿಕ್ಕೆ ಬಿದ್ದ ಅಂಗಳದ ನಾತ ಈಗಲೂ ಮೂಗಿನಲ್ಲಿದೆ. ನಮ್ಮಜ್ಜಿ, "ಬಾಣಂತನಕ್ಕೆ ತವರಿಗೆ ಬಂದವರೆ, ಸುಮ್ಕಿರಿ" ಅನ್ನುತ್ತಿದ್ದಳು. ಫಾರ್ನ್‌ನ ಗಾಳಿಯಲ್ಲಿ ಅದೇ ನಾತ. ಏಳು ಸಮುದ್ರ ದಾಟಿ ಬಂದು ನಾನು ತವರಿನ ಅಂಗಳದಲ್ಲಿ ನಿಂತಿದ್ದೆ.

ಕಥ್‌ಬರ್ಟನ ಹೆಸರಿನ ಚಿಕ್ಕ ಪ್ರಾರ್ಥನಾಮಂದಿರ ಅಲ್ಲಿದೆ. ಒಳಗಿನ ಮರಗೆಲಸ ಡರಂ ಕೆಥೆಡ್ರಲ್‌ನಿಂದ ತಂದದ್ದು. ಆಗ ಅಲ್ಲಿ ಯಾರೂ ಇರಲಿಲ್ಲ. ಒಂದು ಬೆಂಚಿನ ತುದಿಯಲ್ಲಿ ಕೂತು, ಕೊರಳಿನ ಕರಡಿಗೆ ಬಿಚ್ಚಿ, ವಸ್ತ್ರ ಸರಿಸಿ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡೆ. ಹೊಟ್ಟೆ ಹಸಿದಿತ್ತು. ಕಿಟಕಿಯ ಬಣ್ಣದ ಗಾಜಿನ ಬೆಳಕು ಬೆರಳುಗಳ ಮೇಲೆ ಬಿದ್ದಿತ್ತು. ದೃಷ್ಟಿ ನೆಟ್ಟು ಐದು ನಿಮಿಷವಾಗಿರಬಹುದು, ಬಹಳ ದಿನಗಳ ಮೇಲೆ ಮನಸ್ಸು ಹರಿದಾಡದೆ ನಿಂತಿತ್ತು.

"ಅಜ್ಜಿ."

ಬಾಗಿಲಲ್ಲಿ ಮೊಮ್ಮಗ. ಕೂಗಲಿಲ್ಲ, ಪಿಸುದನಿ. ಇನ್ನೊಮ್ಮೆ, "ಅಜ್ಜಿ, ಬಾ."

ಎದ್ದೆ. ಲಿಂಗವನ್ನು ಕಟ್ಟಲಿಲ್ಲ, ಅಂಗೈಯಲ್ಲೇ ಇಟ್ಟು ಬೆರಳು ಮಡಿಸಿಕೊಂಡು ಅವನ ಹಿಂದೆ ನಡೆದೆ. ಗೋಡೆಯ ಬುಡದಲ್ಲಿ ದ್ವೀಪ ಕಾಯುವ ಹುಡುಗಿಯೊಬ್ಬಳು ನಿಂತಿದ್ದಳು. ಅವಳು ತುಟಿಗೆ ಬೆರಳಿಟ್ಟು ಒಣಹುಲ್ಲಿನ ಕಡೆ ತೋರಿಸಿದಳು. ನನಗೆ ಮೊದಲು ಹುಲ್ಲೇ ಕಂಡಿತು. ಆಮೇಲೆ ಒಂದು ಕಣ್ಣು. ಕಣ್ಣಿನ ಸುತ್ತ ನಿಧಾನವಾಗಿ ಒಂದು ಕಂದು ಬಾತು ಮೂಡಿಬಂತು, ನಮ್ಮಿಂದ ಎರಡು ಮಾರು ದೂರದಲ್ಲಿ. ಐಡರ್ ಬಾತು. ಇಲ್ಲಿಯವರು ಕಥ್‌ಬರ್ಟನನ್ನು ಸಲಿಗೆಯಿಂದ ಕಡಿ ಎನ್ನುತ್ತಾರೆ, ಇದು ಕಡಿಯ ಬಾತು. ಇವನ್ನು ಯಾರೂ ಮುಟ್ಟಬಾರದೆಂದು ಅವನು ಕಟ್ಟು ಮಾಡಿದ್ದನೆಂದು ಇಲ್ಲಿಯ ಹಳೆಯ ನಂಬಿಕೆ. ಈ ವಸಂತದ ಮೊದಲ ಗೂಡುಗಳಲ್ಲಿ ಒಂದು ಎಂದಳು ಹುಡುಗಿ. ತನ್ನ ಎದೆಯ ತುಪ್ಪುಳವನ್ನು ತಾನೇ ಕಿತ್ತು ಮೊಟ್ಟೆಯ ಕೆಳಗೆ ಹಾಸುತ್ತದೆ. ಸುಮಾರು 26 ದಿನ ಕಾವು ಕೂರುತ್ತದೆ. ಅಷ್ಟು ದಿನವೂ ಹೆಚ್ಚುಕಡಿಮೆ ಏನೂ ತಿನ್ನುವುದಿಲ್ಲ.

"ಅದಕ್ಕೆ ಹಸಿವಾಗಲ್ವಾ ಅಜ್ಜಿ?"

"ಆಗುತ್ತೆ ಮಗ."

ಅವನು ನನ್ನ ಬಲಗೈ ಹಿಡಿದುಕೊಂಡ. ಬಾತು ರೆಪ್ಪೆಯನ್ನೂ ಬಡಿಯಲಿಲ್ಲ. ಕೆಳಗೆ ದೋಣಿಯವರು ಕರೆಯುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು. ಎಡಗೈಯ ಮಡಿಸಿದ ಬೆರಳುಗಳ ಒಳಗೆ ಲಿಂಗ ಬೆಚ್ಚಗಾಗಿತ್ತು.